ಬಸುರಿ ಅಂತ ಗೊತ್ತಿಲ್ಲದೆ ಉರ್ರಾಕ್ (ಗೇರುಹಣ್ಣಿನ ಸಾರಾಯಿ) ಕುಡಿದೆ, ಮಗುವಿಗೆ ಏನಾದರೂ ಆಗುತ್ತಾ?

ಮಾಜಾಳಿಯವಳು:
ಕಳೆದ ತಿಂಗಳು ಗೋವಾದಲ್ಲಿ ನೆಂಟರ ಮದುವೆ ಇತ್ತು. ಲಿಮ್ಕಾ ಹಾಕಿದ ಉರ್ರಾಕ್ ಎರಡು ಗ್ಲಾಸ್ ಕುಡಿದೆ, ಮರುದಿನ ಬೀರೂ ಆಯಿತು. ಆಗ ಗೊತ್ತೇ ಇರಲಿಲ್ಲ. ಈಗ ಒಂಬತ್ತು ವಾರ. ಗೊತ್ತಾದ ಮೇಲೆ ಒಂದು ಹನಿ ಮುಟ್ಟಿಲ್ಲ, ಆದರೂ ರಾತ್ರಿ ನಿದ್ದೆ ಇಲ್ಲ. ಅತ್ತೆ ಬೇರೆ, ಥಂಡಿಗೆ ಎರಡು ಚಮಚ ಬ್ರಾಂಡಿ ಬಿಸಿನೀರಲ್ಲಿ ಕುಡಿ, ನಾನೂ ಕುಡಿದವಳೇ ಎನ್ನುತ್ತಾರೆ. ಡಾಕ್ಟರ್ ಹತ್ತಿರ ಹೇಳಲು ನಾಚಿಕೆ.

ಕುಮಟಾ ನರ್ಸ್:
ತಂಗಿ, ಮೊದಲು ಸಮಾಧಾನ ಮಾಡಿಕೊ. ಗೊತ್ತಾಗುವ ಮುಂಚೆ ಕುಡಿದವಳು ನೀನೊಬ್ಬಳೇ ಅಲ್ಲ, ಅಂಥ ಎಷ್ಟೋ ಜನರಿಗೆ ಗಟ್ಟಿಮುಟ್ಟಾದ ಮಕ್ಕಳೇ ಹುಟ್ಟಿವೆ. ನಿಲ್ಲಿಸಿದ್ದು ಒಳ್ಳೆಯದಾಯಿತು. ಆದರೆ ಬ್ರಾಂಡಿ ಬೇಡವೇ ಬೇಡ. ನೀನು ಕುಡಿದದ್ದು ಮಾಸಿನ ಮೂಲಕ ಮಗುವಿನ ರಕ್ತಕ್ಕೂ ಹೋಗುತ್ತದೆ, ಅದನ್ನು ಕರಗಿಸುವಷ್ಟು ಅದರ ಲಿವರ್ ಬಲಿತಿರುವುದಿಲ್ಲ. ಇಷ್ಟಾದರೆ ಪರವಾಗಿಲ್ಲ ಎನ್ನುವ ಲೆಕ್ಕ ಯಾರ ಹತ್ತಿರವೂ ಇಲ್ಲ, ಕೊನೆಯ ತಿಂಗಳಾದರೂ ಅಷ್ಟೇ, ಮಿದುಳು ಆಗಲೂ ಬೆಳೆಯುತ್ತಲೇ ಇರುತ್ತದೆ. ಬಸುರಿಯಾಗಿದ್ದಾಗ ಜಾಸ್ತಿ ಕುಡಿದವರ ಮಕ್ಕಳು ಕೆಲವು ಸಲ ತೂಕ ಕಡಿಮೆ, ತಲೆ ಸಣ್ಣ, ಹಾಲು ಚೀಪಲು ಬಲ ಇಲ್ಲ, ಸುಮ್ನೆ ಅಳುತ್ತಾ ನಡುಗುತ್ತಾ ಇರುತ್ತವೆ. ಮೇಲ್ತುಟಿ ತೆಳು, ಮೂಗಿನ ಕೆಳಗಿನ ಗುಳಿ ಸಪಾಟು. 1973ರಲ್ಲಿ ಅಮೆರಿಕದ ಡಾಕ್ಟರುಗಳು ಇದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಮುಖ ನೋಡಿದರೆ ಏನೂ ಕಾಣದ ಮಕ್ಕಳೂ ಇರುತ್ತವೆ, ಶಾಲೆಗೆ ಹೋದ ಮೇಲೆ ಲೆಕ್ಕ ಹತ್ತುವುದಿಲ್ಲ, ಒಂದು ಕಡೆ ಕೂರುವುದಿಲ್ಲ, ಆಗ ಮಗುವನ್ನೇ ಬೈಯುತ್ತಾರೆ. ನನಗೆ ಹೆಚ್ಚು ಸಂಕಟ ಆಗುವುದು ಅದಕ್ಕೇ.

ಶಿರಸಿಯ ಅಮ್ಮ:
ಡಾಕ್ಟರಿಗೆ ಹೇಳಿಬಿಡಿ. ನಾನು ಮುಚ್ಚಿಟ್ಟು ಆರು ತಿಂಗಳು ಒಬ್ಬಳೇ ಒದ್ದಾಡಿದ್ದೆ, ಕೊನೆಗೆ ಹೇಳಿದಾಗ ಅವರು ಬೈಯಲೂ ಇಲ್ಲ, ಬರೆದುಕೊಂಡರು, ಅಷ್ಟೇ. ಇನ್ನೊಂದು ಮಾತು, ಬೀರು ತಂಪು ಎಂದು ಯಾರಾದರೂ ಹೇಳಿದರೆ ನಂಬಬೇಡಿ, 330 ಮಿಲಿ ಬೀರಿನಲ್ಲಿರುವ ಆಲ್ಕೋಹಾಲ್ 30 ಮಿಲಿ ಬ್ರಾಂಡಿಗಿಂತ ಕಡಿಮೆ ಏನಲ್ಲ. ಆಯುರ್ವೇದದ ಅರಿಷ್ಟಗಳಲ್ಲೂ ಆಲ್ಕೋಹಾಲ್ ಇರುತ್ತದೆ, ಕೇಳದೆ ಕುಡಿಯಬೇಡಿ. ಬಾಣಂತನದಲ್ಲಿ ಬ್ರಾಂಡಿ ಕೊಡುವ ಮನೆಗಳಿವೆ ಅಲ್ವಾ, ಅದು ಎದೆಹಾಲಿಗೂ ಇಳಿಯುತ್ತದೆ.

ಮಾಜಾಳಿಯವಳು:
ಓದಿ ಅತ್ತುಬಿಟ್ಟೆ ಅಕ್ಕ. ಸೋಮವಾರ ಚೆಕಪ್ ಇದೆ, ಹೇಳುತ್ತೇನೆ. ಅತ್ತೆಗೆ ಗಂಡನ ಕೈಲಿ ಹೇಳಿಸುತ್ತೇನೆ. ಆದರೆ ಈ ಥಂಡಿಗೆ ಏನು ಮಾಡಲಿ?

ಕುಮಟಾ ನರ್ಸ್:
ಬಿಸಿನೀರಿನ ಹಬೆ ತೆಗೆದುಕೊ. ಜ್ವರ ಬಂದರೆ ಸೋಮವಾರದ ತನಕ ಕಾಯಬೇಡ.