ಅಪ್‌ಡೇಟ್ ನಡುವೆ ಕರೆಂಟ್ ಹೋಯಿತು, ಈಗ ಬರೀ ನೀಲಿ ಸ್ಕ್ರೀನ್. ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಇದೆಯಾ?

ಡಿಟಿಪಿ ಮಂಡ್ಯ:

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಶನಿವಾರ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಕಂಪ್ಯೂಟರ್ ಅಪ್‌ಡೇಟ್ ಕೇಳಿತು. ಆಗಲಿ ಅಂತ ‘ಅಪ್‌ಡೇಟ್ ಅಂಡ್ ಶಟ್ ಡೌನ್’ ಒತ್ತಿದೆ. ಮೂವತ್ತು ಪರ್ಸೆಂಟ್ ಆಗಿತ್ತು ಅಷ್ಟೇ, ಕರೆಂಟ್ ಹೋಯಿತು. ಯುಪಿಎಸ್ ನಾಲ್ಕು ಸಲ ಕೀಂ ಕೀಂ ಅಂದು ಅದೂ ಕಣ್ಣು ಮುಚ್ಚಿತು. ಅರ್ಧ ಗಂಟೆ ಕಾದೆ, ಕರೆಂಟ್ ಬರಲಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಮನೆಗೆ ಹೋದೆ. ಭಾನುವಾರ ರಜ.

ಸೋಮವಾರ ಬೆಳಿಗ್ಗೆ ಆನ್ ಮಾಡಿದರೆ ಮೊದಲು ಕಪ್ಪು ಸ್ಕ್ರೀನ್ ಮೇಲೆ ಇಂಗ್ಲಿಷಿನಲ್ಲಿ ಏನೋ ಎರಡು ಸಾಲು ಬಂತು, ಎಫ್1 ಒತ್ತು ಅಂದಿತು, ಒತ್ತಿದೆ. ವಿಂಡೋಸ್ ಲೋಗೊ ಬಂತು, ಚುಕ್ಕಿಗಳು ಸುತ್ತಿದವು, ಆಮೇಲೆ ನೀಲಿ ಸ್ಕ್ರೀನ್, ಅಳುಮುಖದ ಗುರುತು, ಕೆಳಗೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ಎರಡು ಮೂರು ಸಲ ಹೀಗೇ ಆದ ಮೇಲೆ ‘ಆಟೊಮ್ಯಾಟಿಕ್ ರಿಪೇರ್’ ಅಂತ ತಾನೇ ಶುರುವಾಗಿ, ಸರಿಮಾಡೋಕೆ ಆಗಲಿಲ್ಲ ಅಂತ ತಾನೇ ಕೈಚೆಲ್ಲಿತು.

ಪಕ್ಕದ ಬೀದಿಯ ರಿಪೇರಿಯವರು ಬಂದು ನೋಡಿ, ಫಾರ್ಮ್ಯಾಟ್ ಮಾಡಲೇಬೇಕು, ಒಳಗಿರುವುದು ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ ಅಂದರು. ಡೆಸ್ಕ್‌ಟಾಪ್ ಮೇಲೆ ಮೂರು ಲಗ್ನಪತ್ರಿಕೆ ಫೈಲ್ ಇದೆ, ಒಂದನ್ನು ಗುರುವಾರ ಪ್ರಿಂಟ್ ಮಾಡಿ ಕೊಡಬೇಕು. ಬ್ಯಾಕಪ್ ಇಲ್ಲ, ಬಯ್ಯಬೇಡಿ.

ಅಸೆಂಬಲ್ ಮಾಡಿಸಿದ ಹಳೇ ಮಷೀನು. ಎಚ್61 ಮದರ್‌ಬೋರ್ಡ್, ಐ3, 8 ಜಿಬಿ ರ್‍ಯಾಮ್. ಎರಡು ವರ್ಷದ ಹಿಂದೆ ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್ 10 ಹೊಸದಾಗಿ ಹಾಕಿಸಿದ್ದೆ.

ಕುಕ್ಕರಹಳ್ಳಿ ವಾಕರ್:

ಮೊದಲನೇದು, ಫಾರ್ಮ್ಯಾಟ್ ಅನ್ನೋ ಮಾತನ್ನು ಮರೆತುಬಿಡಿ ಅಣ್ಣ. ಕಂಪ್ಯೂಟರ್ ಏಳದೇ ಇರುವುದು ಬೇರೆ, ಒಳಗಿನ ಫೈಲ್ ಹಾಳಾಗುವುದು ಬೇರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿಯ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್ ಹೀಗೇ ನೀಲಿ ಬಣ್ಣಕ್ಕೆ ತಿರುಗಿದ್ದವಲ್ಲ, ಆವತ್ತು ಕೈಯಾರೆ ಸರಿಮಾಡಿದವರು ಅಳಿಸಿದ್ದು ಒಂದೇ ಒಂದು ಫೈಲು. ಅದಕ್ಕೆ ಫಾರ್ಮ್ಯಾಟ್ ಬೇಕಿರಲಿಲ್ಲ.

ರಿಪೇರಿಗೆ ಕೈಹಾಕುವ ಮುಂಚೆ ಫೈಲ್ ಹೊರಗೆ ತೆಗೆಯಿರಿ. ಆ ರಿಪೇರ್ ಸ್ಕ್ರೀನಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಇರುತ್ತದೆ. ಅದರಲ್ಲಿ ‘ಟ್ರಬಲ್‌ಶೂಟ್’, ಮತ್ತೆ ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಕಮಾಂಡ್ ಪ್ರಾಂಪ್ಟ್’. ಕಪ್ಪು ಕಿಟಕಿ ಬಂದಾಗ ‘ನೋಟ್‌ಪ್ಯಾಡ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ನಗಬೇಡಿ, ನಿಜಕ್ಕೂ ನೋಟ್‌ಪ್ಯಾಡ್ ತೆರೆಯುತ್ತದೆ. ಅದರಲ್ಲಿ ‘ಫೈಲ್’, ‘ಓಪನ್’ ಅಂದರೆ ನಿಮ್ಮ ಡಿಸ್ಕ್ ಎಲ್ಲ ಕಾಣುತ್ತದೆ. ಕೆಳಗೆ ‘ಆಲ್ ಫೈಲ್ಸ್’ ಆರಿಸಿ, ಇಲ್ಲದಿದ್ದರೆ ಕೋರೆಲ್ ಫೈಲ್‌ಗಳು ಕಾಣದೆ ಎದೆ ಧಸಕ್ ಅನ್ನುತ್ತದೆ. ದಿನಾ ‘ಸಿ’ ಆಗಿದ್ದ ಡ್ರೈವ್ ಅಲ್ಲಿ ‘ಡಿ’ ಅಂತ ಕಾಣಬಹುದು, ಗಾಬರಿ ಬೇಡ. ಪೆನ್‌ಡ್ರೈವ್ ಹಾಕಿ ಅದರಲ್ಲಿ ಹೊಸ ಫೋಲ್ಡರ್ ಮಾಡಿ, ಡೆಸ್ಕ್‌ಟಾಪ್ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಿ. ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಬರುವುದಿಲ್ಲ. ನಿಂತೇ ಹೋಯಿತು ಅನ್ನಿಸುತ್ತದೆ, ಆದರೂ ಕಾಯಿರಿ.

ಇನ್ನೊಂದು, ನೀವು ಡಿಟಿಪಿಯವರಾದ್ದರಿಂದ ಹೇಳ್ತೀನಿ. ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಎತ್ತಿಕೊಳ್ಳಿ. ಹಳೇ ನುಡಿ ಫಾಂಟಲ್ಲಿ ಮಾಡಿದ ಪತ್ರಿಕೆ ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದರೆ ‘ಶುಭವಿವಾಹ’ ಹೋಗಿ ಯಾವುದೋ ಗ್ರಹದ ಲಿಪಿ ಬರುತ್ತದೆ.

ಇದಾದ ಮೇಲೆ ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ‘ಕ್ವಾಲಿಟಿ ಅಪ್‌ಡೇಟ್’ ತೆಗೆಯಿರಿ. ಅರ್ಧಕ್ಕೆ ನಿಂತ ಅಪ್‌ಡೇಟೇ ಇದಕ್ಕೆಲ್ಲ ಕಾರಣ ಇರಬೇಕು.

ಸಕ್ಕರೆ ಬೈಟ್:

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ಮುಗಿದಿದೆ. ಹೊಸ ಮಷೀನ್ ತೊಗೊಳ್ಳಿ ಗುರೂ, ಎಷ್ಟು ದಿನ ಅಂತ ಎಳೀತೀರಿ.

ಡಿಟಿಪಿ ಮಂಡ್ಯ:

ಗುರೂ, ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಸೇರಿಕೊಂಡಿದ್ದೇನೆ. ಈ ಬೋರ್ಡಿಗೆ ವಿಂಡೋಸ್ 11 ಹಿಡಿಸುವುದಿಲ್ಲ ಅಂತ ನನಗೂ ಗೊತ್ತು. ಒಂದು ಜೆರಾಕ್ಸಿಗೆ ಎರಡು ರೂಪಾಯಿ, ಸ್ವಲ್ಪ ಲೆಕ್ಕ ಹಾಕಿ.

ಕುಕ್ಕರಹಳ್ಳಿ ಅಣ್ಣ, ನಿಮಗೆ ಒಂದು ಬಾಳೆಗೊನೆ ಕೊಟ್ಟರೂ ಕಡಿಮೆ. ನೋಟ್‌ಪ್ಯಾಡ್ ಉಪಾಯ ಕೆಲಸ ಮಾಡಿತು, ಲಗ್ನಪತ್ರಿಕೆ ಮೂರೂ ಪೆನ್‌ಡ್ರೈವ್‌ಗೆ ಬಂದವು, ಫಾಂಟ್‌ಗಳೂ ಬಂದವು. ಒಂದೂವರೆ ಗಂಟೆ ಹಿಡಿಯಿತು. ಪೆನ್‌ಡ್ರೈವ್‌ನಲ್ಲಿ ನಾನು ಮಾಡಿದ ಹೊಸ ಫೋಲ್ಡರ್ ಮೇಲೆ ಮಾತ್ರ 2012ರ ಜನವರಿ ಅಂತ ತಾರೀಖು ಬಿದ್ದಿದೆ, ಅದು ಬಿಡಿ.

ಆದರೆ ಅಪ್‌ಡೇಟ್ ತೆಗೆಯೋಕೆ ಹೋದರೆ ಆಗುವುದಿಲ್ಲ ಅಂತು. ‘ಸ್ಟಾರ್ಟಪ್ ರಿಪೇರ್’ ಕೂಡ ಆಗಲಿಲ್ಲ. ಮತ್ತದೇ ಅಳುಮುಖ. ನನ್ನ ಮುಖಾನೂ ಹಂಗೇ ಆಗಿದೆ.

ನಾಲ್ಕನೇ ಸೆಮ್:

ನನಗೂ ಇದೇ ಸಮಸ್ಯೆ! ಮೈಸೂರಲ್ಲಿ ಪಿಜಿಲಿ ಇದ್ದೀನಿ. ಲ್ಯಾಪ್‌ಟಾಪ್, ವಿಂಡೋಸ್ 11. ನಿನ್ನೆ ಬಯಾಸ್ ಅಪ್‌ಡೇಟ್ ಆಯ್ತು, ಇವತ್ತು ನೀಲಿ ಸ್ಕ್ರೀನ್ ಬಂದು ‘ಬಿಟ್‌ಲಾಕರ್ ರಿಕವರಿ ಕೀ’ ಕೇಳ್ತಿದೆ. ನಾನು ಬಿಟ್‌ಲಾಕರ್ ಹಾಕೇ ಇಲ್ಲ. ನಾಡಿದ್ದು ಪ್ರಾಜೆಕ್ಟ್ ಸಬ್ಮಿಷನ್. ನಾನೂ ಅಪ್‌ಡೇಟ್ ಅನ್‌ಇನ್‌ಸ್ಟಾಲ್ ಮಾಡಲಾ?

ಬೆಸುಗೆ ಮೇಷ್ಟ್ರು:

ತಮ್ಮಾ, ಬಣ್ಣ ನೀಲಿ ಅಂದ ಮಾತ್ರಕ್ಕೆ ಕಾಯಿಲೆ ಒಂದೇ ಅಲ್ಲ. ನಿನ್ನದು ಕೆಟ್ಟಿಲ್ಲ, ಬೀಗ ಹಾಕಿಕೊಂಡಿದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟಪ್ ಮಾಡಿದರೆ ಡಿಸ್ಕಿಗೆ ಬೀಗ ಹಾಕುವ ಎನ್‌ಕ್ರಿಪ್ಷನ್, ಅದೇ ಈ ಬಿಟ್‌ಲಾಕರ್, ತಾನೇ ಆನ್ ಆಗುವುದು ಜಾಸ್ತಿ. ಬಯಾಸ್ ಅಂದರೆ ವಿಂಡೋಸಿಗೂ ಮುಂಚೆ ಏಳುವ, ಬೋರ್ಡಿನೊಳಗಿನ ಪ್ರೋಗ್ರಾಂ. ಅದು ಬದಲಾದಾಗ, ಇದು ಅದೇ ಮಷೀನಾ ಅಂತ ಅನುಮಾನ ಬಂದು 48 ಅಂಕಿಯ ಕೀ ಕೇಳುತ್ತದೆ. ಮೊಬೈಲಿನಲ್ಲಿ ಆ ಅಕೌಂಟಿಗೆ ಲಾಗಿನ್ ಆಗಿ ರಿಕವರಿ ಕೀಗಳ ಪಟ್ಟಿ ನೋಡು. ಸ್ಕ್ರೀನ್ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರ ಹೊಂದಬೇಕು. ನಿನ್ನ ಅಕೌಂಟಿನಲ್ಲಿ ಇಲ್ಲದಿದ್ದರೆ, ತಂದ ದಿನ ಯಾರ ಅಕೌಂಟ್ ಹಾಕಿ ಸೆಟಪ್ ಮಾಡಿದ್ದು ಅಂತ ನೆನಪು ಮಾಡಿಕೋ. ಅಣ್ಣಂದೋ ಮಾವಂದೋ ಇರುತ್ತದೆ. ಆ ಕೀ ಇಲ್ಲದೆ ಯಾರೂ ತೆಗೆಯೋಕೆ ಆಗುವುದಿಲ್ಲ, ತೆಗೆದುಕೊಡ್ತೀನಿ ಅಂದವರಿಗೆ ದುಡ್ಡು ಕೊಡಬೇಡ.

ಈಗ ಮಂಡ್ಯದವರೇ. ನೀವು ‘ಅದು ಬಿಡಿ’ ಅಂದಿರಲ್ಲ, ಅದನ್ನೇ ಹಿಡಿಯೋಣ. 2012ರ ಜನವರಿ ಎಲ್ಲಿಂದ ಬಂತು? ಸೋಮವಾರ ಎಫ್1 ಒತ್ತು ಅಂದ ಕಪ್ಪು ಸ್ಕ್ರೀನಿನಲ್ಲಿ ‘ಸಿಮಾಸ್ ಚೆಕ್‌ಸಮ್’, ‘ಡಿಫಾಲ್ಟ್ಸ್ ಲೋಡೆಡ್’ ಅನ್ನೋ ಮಾತು ಇತ್ತಾ?

ಡಿಟಿಪಿ ಮಂಡ್ಯ:

ಸರ್, ಈಗ ಮತ್ತೆ ಆನ್ ಮಾಡಿ ನೋಡಿದೆ. ಚೆಕ್‌ಸಮ್ ಅಂತ ಇದೆ, ಡಿಫಾಲ್ಟ್ ಅಂತಾನೂ ಇದೆ. ಅದಕ್ಕೂ ವಿಂಡೋಸಿಗೂ ಏನು ಸಂಬಂಧ?

ಬೆಸುಗೆ ಮೇಷ್ಟ್ರು:

ಹಾಗಾದರೆ ಎಲ್ಲರೂ ಸುಮ್ನೆ ಅಪ್‌ಡೇಟ್ ಹಿಂದೆ ಬಿದ್ದಿದ್ದೀರಿ. ನಿಮ್ಮ ಬೋರ್ಡ್ ಮೇಲೆ ಒಂದು ನಾಣ್ಯದಂಥ ಬ್ಯಾಟರಿ ಇದೆ. ಅದು ಸತ್ತಿದೆ.

ಆ ಬ್ಯಾಟರಿ ಕೆಲಸ ಏನು ಅಂದರೆ, ಕರೆಂಟ್ ಇಲ್ಲದಾಗ ಬಯಾಸ್ ಸೆಟ್ಟಿಂಗ್ ಮತ್ತು ಗಡಿಯಾರ ಮರೆಯದ ಹಾಗೆ ನೋಡಿಕೊಳ್ಳುವುದು. ನೀವು ದಿನಾ ಕಂಪ್ಯೂಟರ್ ಆಫ್ ಮಾಡಿದರೂ ಯುಪಿಎಸ್ ಆನ್ ಇರುತ್ತಿತ್ತು ಅನ್ನಿಸುತ್ತೆ, ಸರಿನಾ? ಆಗ ಬೋರ್ಡಿಗೆ ತೊಟ್ಟು ಕರೆಂಟ್ ಹೋಗುತ್ತಲೇ ಇರುತ್ತದೆ, ಸತ್ತ ಬ್ಯಾಟರಿಯ ಬಣ್ಣ ಬಯಲಾಗುವುದಿಲ್ಲ. ಈ ಸಲ ಯುಪಿಎಸ್ಸೂ ಮಲಗಿತು, ಮೇನ್ ಸ್ವಿಚ್ಚೂ ಆಫ್, ಮಧ್ಯೆ ಒಂದು ಪೂರ್ತಿ ಭಾನುವಾರ. ಬಯಾಸ್ ಎಲ್ಲ ಮರೆತು, ಕಾರ್ಖಾನೆಯಿಂದ ಬಂದ ದಿನದ ಸೆಟ್ಟಿಂಗಿಗೆ ಹೋಗಿ ಕೂತಿದೆ.

ಆ ಸೆಟ್ಟಿಂಗ್‌ಗಳಲ್ಲಿ ‘ಸಾಟಾ ಮೋಡ್’ ಅಂತ ಒಂದಿದೆ, ಬೋರ್ಡು ಡಿಸ್ಕಿನ ಜೊತೆ ಯಾವ ರೀತಿ ಮಾತಾಡಬೇಕು ಅನ್ನುವುದು. ಎಚ್61 ಕಾಲದ ಎಷ್ಟೋ ಬೋರ್ಡಿನಲ್ಲಿ ಅದು ಮೊದಲಿಗೆ ‘ಐಡಿಇ’, ಅಂದರೆ ಹಳೇ ರೀತಿ, ಆಗಿರುತ್ತದೆ. ಎಸ್‌ಎಸ್‌ಡಿ ಹಾಕಿದವರು ವೇಗ ಬರಲಿ ಅಂತ ಹೊಸ ರೀತಿಯಾದ ‘ಎಎಚ್‌ಸಿಐ’ ಮಾಡಿ ವಿಂಡೋಸ್ ಹಾಕಿರುತ್ತಾರೆ. ಆಮೇಲೆ ವಿಂಡೋಸ್ ಏಳುವಾಗ ಎಎಚ್‌ಸಿಐ ರೀತಿಯಲ್ಲಿ ಡಿಸ್ಕ್ ಓದುವ ಡ್ರೈವರ್ ಮಾತ್ರ ಹಿಡಿದುಕೊಂಡು ಬರುತ್ತದೆ. ದಿನಾ ಒಂದನೇ ಪ್ಲಾಟ್‌ಫಾರ್ಮಿಗೆ ಬರುತ್ತಿದ್ದ ಬಸ್ಸು ಇವತ್ತು ಮೂರನೆಯದರಲ್ಲಿ ನಿಂತಿದೆ, ನೀವು ಒಂದರಲ್ಲೇ ನಿಂತು ಬಸ್ಸೇ ಬಂದಿಲ್ಲ ಅಂತಿದ್ದೀರಿ. ಡಿಸ್ಕ್ ಅಲ್ಲೇ ಇದೆ. ರಿಪೇರ್ ಸ್ಕ್ರೀನಿಗೆ ಎರಡು ಡ್ರೈವರೂ ಗೊತ್ತು, ಅದಕ್ಕೇ ನೋಟ್‌ಪ್ಯಾಡಿನಲ್ಲಿ ಫೈಲ್ ಎಲ್ಲ ಸಲೀಸಾಗಿ ಸಿಕ್ಕಿದ್ದು.

ಮಾಡಬೇಕಾದ್ದು ಇಷ್ಟೇ. ಆನ್ ಮಾಡಿದ ಕೂಡಲೇ ‘ಡಿಲೀಟ್’ ಕೀ ಒತ್ತುತ್ತಾ ಇರಿ, ಬಯಾಸ್ ಬರುತ್ತದೆ. ತಾರೀಖು, ಟೈಮ್ ಸರಿಮಾಡಿ. ‘ಪೆರಿಫೆರಲ್ಸ್’ ಅಥವಾ ‘ಅಡ್ವಾನ್ಸ್ಡ್’ ಒಳಗೆ ಸಾಟಾ ಮೋಡ್ ಹುಡುಕಿ. ಐಡಿಇ ಅಂತಿದ್ದರೆ ಎಎಚ್‌ಸಿಐ ಮಾಡಿ, ಎಫ್10 ಒತ್ತಿ ಸೇವ್ ಮಾಡಿ. ನನ್ನ ಊಹೆ ತಪ್ಪಿದ್ದರೆ ಅದೇ ನೀಲಿ ಸ್ಕ್ರೀನ್ ಬರುತ್ತದೆ ಅಷ್ಟೇ, ಡೇಟಾಗೆ ಏನೂ ಆಗುವುದಿಲ್ಲ, ವಾಪಸ್ ಐಡಿಇ ಮಾಡಿದರಾಯಿತು. ಸರಿಹೋದರೆ ಅರ್ಧಕ್ಕೆ ನಿಂತ ಅಪ್‌ಡೇಟನ್ನು ಅದೇ ವಾಪಸ್ ತೆಗೆಯಲು ಶುರುಮಾಡುತ್ತದೆ. ಆಗ ಎಷ್ಟೇ ಹೊತ್ತಾದರೂ ಪವರ್ ಬಟನ್ ಮುಟ್ಟಬೇಡಿ.

ಕುಕ್ಕರಹಳ್ಳಿ ವಾಕರ್:

ಎಫ್1 ಸಾಲು ನಾನೂ ಓದಿದ್ದೆ, ಹಾರಿಸಿಬಿಟ್ಟೆ. ಮೇಷ್ಟ್ರೇ, ಸೇಫ್ ಮೋಡ್‌ಗೆ ಹೋಗಿದ್ದರೆ ಏಳುತ್ತಿತ್ತಾ?

ಬೆಸುಗೆ ಮೇಷ್ಟ್ರು:

ಏಳುವುದುಂಟು. ಸೇಫ್ ಮೋಡ್ ಡಿಸ್ಕಿನ ಡ್ರೈವರ್‌ಗಳನ್ನೆಲ್ಲ ಪ್ರಯತ್ನಿಸುತ್ತದೆ. ಆದರೆ ಆಮೇಲೆ ಐಡಿಇಯಲ್ಲೇ ಓಡುತ್ತಾ ಎಸ್‌ಎಸ್‌ಡಿ ನಿಧಾನವಾಗಿರುತ್ತಿತ್ತು, ಇವರು ಅದಕ್ಕೂ ಅಪ್‌ಡೇಟನ್ನೇ ಬೈಯುತ್ತಿದ್ದರು.

ಡಿಟಿಪಿ ಮಂಡ್ಯ:

ಎದ್ದಿತು!!! ಐಡಿಇ ಅಂತಲೇ ಇತ್ತು ಸರ್. ಬದಲಾಯಿಸಿ ಸೇವ್ ಮಾಡಿದೆ, ಲೋಗೊ ಬಂತು, ‘ಅನ್‌ಡೂಯಿಂಗ್ ಚೇಂಜಸ್’ ಅಂತ ಇಪ್ಪತ್ತೈದು ನಿಮಿಷ ಸುತ್ತಿತು, ಅಷ್ಟು ಹೊತ್ತೂ ಕರೆಂಟ್ ಹೋಗದಿರಲಿ ಅಂತ ಕೂತಿದ್ದೆ. ಈಗ ಡೆಸ್ಕ್‌ಟಾಪ್ ಎದುರಿಗಿದೆ. ನುಡಿ, ಕೋರೆಲ್ ಎಲ್ಲ ಇದ್ದಲ್ಲೇ ಇದೆ.

ಒಂದು ತಪ್ಪೊಪ್ಪಿಗೆ. ತಿಂಗಳಿಂದ ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ಇಂಟರ್‌ನೆಟ್ ಬಂದ ಮೇಲೆ ತಾನೇ ಸರಿಹೋಗುತ್ತಿತ್ತು, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಯುಪಿಎಸ್ ಆನ್ ಇರುತ್ತಿದ್ದುದೂ ನಿಜ.

ಬೆಸುಗೆ ಮೇಷ್ಟ್ರು:

ಈವತ್ತೇ ಬ್ಯಾಟರಿ ಹಾಕಿಬಿಡಿ, ಇಲ್ಲದಿದ್ದರೆ ಮುಂದಿನ ಭಾನುವಾರ ಇದೇ ಕಥೆ. ‘ಸಿಆರ್2032’ ಅಂತ ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. 20 ಅಂದರೆ 20 ಮಿಲಿಮೀಟರ್ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ. ‘ಸಿಆರ್2025’ ಕೊಟ್ಟು ನಡೆಯುತ್ತೆ ಅಂತಾರೆ, ಅದು ತೆಳು, ಸರಿಯಾಗಿ ಕೂರುವುದಿಲ್ಲ. ಕಂಪ್ಯೂಟರಿನ ಪವರ್ ವೈರ್ ಪ್ಲಗ್ಗಿನಿಂದ ತೆಗೆದು, ಬ್ಯಾಟರಿ ಪಕ್ಕದ ಕ್ಲಿಪ್ಪನ್ನು ಉಗುರಿನಲ್ಲಿ ಒತ್ತಿದರೆ ಹಳೇದು ಎದ್ದು ಬರುತ್ತದೆ. ಪ್ಲಸ್ ಗುರುತು ಮೇಲಕ್ಕೆ. ಹಾಕಿದ ಮೇಲೆ ಸಾಟಾ ಮೋಡ್ ಇನ್ನೊಮ್ಮೆ ನೋಡಿ, ಬ್ಯಾಟರಿ ತೆಗೆದಾಗ ಮತ್ತೆ ಮರೆತಿರುತ್ತದೆ. ಅದನ್ನು ಕೆಲಸಗಾರರೂ ಮರೆಯುತ್ತಾರೆ.

ಯುಪಿಎಸ್ ಬ್ಯಾಟರಿಯನ್ನೂ ಬದಲಾಯಿಸಿ. ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ ಇರುತ್ತದೆ, ಮೇಲೆ ಬರೆದಿರುವುದನ್ನು ನೋಡಿ ತೊಗೊಳ್ಳಿ. ಅಪ್‌ಡೇಟ್ ಆಮೇಲೆ.

ನಾಲ್ಕನೇ ಸೆಮ್:

ಕೀ ಸಿಕ್ತು ಸರ್. ಭಾವನ ಅಕೌಂಟಲ್ಲಿ ಇತ್ತು. ಅವರೇ ತಂದುಕೊಟ್ಟಿದ್ದು, ನಾನು ಮರೆತೇಬಿಟ್ಟಿದ್ದೆ.

ಡಿಟಿಪಿ ಮಂಡ್ಯ:

ಎರಡು ಬ್ಯಾಟರಿನೂ ಹಾಕಿಸಿದೆ. ರಾತ್ರಿ ಬೇಕೆಂದೇ ಮೇನ್ ಆಫ್ ಮಾಡಿ ಹೋಗಿದ್ದೆ, ಬೆಳಿಗ್ಗೆ ಎಫ್1 ಕೇಳಲಿಲ್ಲ, ಟೈಮೂ ಸರಿ ಇತ್ತು. ಲಗ್ನಪತ್ರಿಕೆ ಈಗ ಪ್ರಿಂಟಿಗೆ ಹೋಯಿತು. ಮುಹೂರ್ತದ ಕೆಳಗೆ 2012 ಅಂತ ಇಲ್ಲ ತಾನೇ ಅಂತ ಮೂರು ಸಲ ನೋಡಿ ಕೊಟ್ಟೆ.