ಪ್ರೈವಸಿ, ಕಾನ್ಫಿಡೆನ್ಶಿಯಾಲಿಟಿ: ಎರಡಕ್ಕೂ ‘ಗೌಪ್ಯತೆ’ ಸಾಕೇ?

ಬಲ್ಲವರಲ್ಲಿ ಒಂದು ಕೇಳಿಕೆ. ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ವೃತ್ತಿನೀತಿಯ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರೈವಸಿ, ಕಾನ್ಫಿಡೆನ್ಶಿಯಾಲಿಟಿ ಎರಡಕ್ಕೂ ನಾವು ‘ಗೌಪ್ಯತೆ’ ಎಂದೇ ಹಾಕಿಬಿಡುತ್ತೇವೆ. ಸುದ್ದಿಬರಹಕ್ಕೆ ಅದು ನಡೆದೀತು, ವಾರ್ಡಿನಲ್ಲಿ ನಡೆಯದು. ಅಲ್ಲಿ ಒಂದನ್ನು ಪಾಲಿಸುತ್ತಲೇ ಇನ್ನೊಂದನ್ನು ಮುರಿಯಬಹುದು.

ಪರದೆ ಎಳೆಯದೆ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿದ ನರ್ಸ್ ಯಾರಿಗೂ ಏನನ್ನೂ ಹೇಳಿರುವುದಿಲ್ಲ. ಆದರೂ ರೋಗಿಯ ಮಾನಕ್ಕೆ ಕುಂದು ಬಂದಾಯಿತು. ಇನ್ನೊಬ್ಬರು ಪರದೆ ಎಳೆದು, ಹೊದಿಕೆ ಸರಿಪಡಿಸಿ, ಎಲ್ಲ ಅಚ್ಚುಕಟ್ಟಾಗಿ ಮುಗಿಸುತ್ತಾರೆ. ಆಮೇಲೆ ಲಿಫ್ಟಿನಲ್ಲಿ ಜೊತೆಯವರ ಹತ್ತಿರ ಆ ಬೆಡ್ಡಿನವರ ರಿಪೋರ್ಟ್ ಬಗ್ಗೆ ಮಾತು ತೆಗೆಯುತ್ತಾರೆ. ಇದು ಬೇರೆಯೇ ತಪ್ಪು. ಡ್ಯೂಟಿ ಬದಲಾಗುವಾಗ ಬೆಡ್ಡಿನ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ವಿವರ ಒಪ್ಪಿಸುವುದಂತೂ ಎರಡನ್ನೂ ಒಟ್ಟಿಗೇ ಕಳೆಯುವ ದಾರಿ. ಪರದೆ ಕಣ್ಣನ್ನು ತಡೆಯುತ್ತದೆ, ಕಿವಿಯನ್ನಲ್ಲ.

ಮೊದಲನೆಯದಕ್ಕೆ, ಅಂದರೆ ಪ್ರೈವಸಿಗೆ, ‘ಖಾಸಗಿತನ’ ಎನ್ನೋಣ ಎಂದುಕೊಂಡಿದ್ದೇನೆ. ಅದು ರೋಗಿಯ ಹಕ್ಕು. ತನ್ನ ಮೈ, ತನ್ನ ವಿಷಯ ಯಾರಿಗೆ ಎಷ್ಟು ತೆರೆದಿರಬೇಕು ಎಂಬುದು ಅವರ ಕೈಯಲ್ಲಿ. (‘ಖಾಸಗಿ’ ಎಂದೊಡನೆ ಖಾಸಗಿ ಆಸ್ಪತ್ರೆ ನೆನಪಾಗುವುದು ಇದರ ಗ್ರಹಚಾರ.) ಮೈಯ ಮಟ್ಟಿಗಾದರೆ ‘ಮರೆ’ ಎಂಬ ನಮ್ಮದೇ ಪದ ಸಾಕು: ‘ಮರೆ ಮಾಡಿ ಡ್ರೆಸಿಂಗ್ ಬದಲಿಸಿ’ ಎಂದರೆ ಯಾರಿಗೂ ಗೊಂದಲವಾಗದು.

ತೊಡಕಿರುವುದು ಎರಡನೆಯದರಲ್ಲಿ, ಕಾನ್ಫಿಡೆನ್ಶಿಯಾಲಿಟಿಯಲ್ಲಿ. ನಂಬಿ ಹೇಳಿದ್ದನ್ನು, ಆರೈಕೆಯ ನಡುವೆ ತಿಳಿದುಬಂದದ್ದನ್ನು ಕಾಯುವ ಹೊಣೆ ಅದು, ಹೊಣೆ ನರ್ಸ್‌ನದು. ‘ಗುಟ್ಟು’, ‘ರಹಸ್ಯ’ ಇಲ್ಲಿ ಒಗ್ಗುವುದಿಲ್ಲ. ಗುಟ್ಟನ್ನು ಯಾರಿಗೂ ಹೇಳುವಂತಿಲ್ಲ. ರೋಗಿಯ ಮಾಹಿತಿಯನ್ನಾದರೋ ಚಿಕಿತ್ಸೆ ಕೊಡುವ ತಂಡಕ್ಕೆ ಬೇಕಾದಷ್ಟನ್ನು ಹೇಳಲೇಬೇಕು. ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಿದೆ ಎಂದು ರೋಗಿ ಹೇಳಿಕೊಂಡಾಗ, ಗುಟ್ಟೆಂದು ಸುಮ್ಮನಿರುವ ವಿದ್ಯಾರ್ಥಿ ಅಪಾಯ ತಂದಾಳು. ಹಾಗಾಗಿ ಇದೊಂದಕ್ಕೆ ‘ಗೌಪ್ಯತೆ’ಯೇ ವಾಸಿ ಎನಿಸುತ್ತದೆ. ಸಂಸ್ಕೃತದ ಗುಪ್ ಧಾತುವಿಗೆ ಕಾಪಾಡು ಎಂಬ ಅರ್ಥವೂ ಉಂಟು. ಬಚ್ಚಿಡುವುದಕ್ಕಿಂತ ಕಾಯುವುದು ಇಲ್ಲಿನ ಕೆಲಸಕ್ಕೆ ಹತ್ತಿರ. ಗೋಪ್ಯವೋ ಗೌಪ್ಯವೋ ಎಂಬ ಹಳೆಯ ಜಗಳ ಈಗ ಬೇಡ, ಬಳಕೆ ‘ಗೌ’ ಕಡೆ ವಾಲಿಬಿಟ್ಟಿದೆ.

ನರ್ಸ್‌ಗಳು ಸ್ವೀಕರಿಸುವ ನೈಟಿಂಗೇಲ್ ಪ್ರತಿಜ್ಞೆಯನ್ನು ನೋಡಿದರೂ ಇದೇ ಭಾವ. ಅದು ಫ್ಲಾರೆನ್ಸ್ ನೈಟಿಂಗೇಲ್ ಬರೆದದ್ದಲ್ಲ. 1893ರಲ್ಲಿ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ನೇತೃತ್ವದ ಸಮಿತಿ ರೂಪಿಸಿದ್ದು. ತನ್ನನ್ನು ನಂಬಿ ಒಪ್ಪಿಸಿದ ವೈಯಕ್ತಿಕ ಸಂಗತಿಗಳ ಜೊತೆಗೆ, ಕೆಲಸದಲ್ಲಿ ಕಿವಿಗೆ ಬಿದ್ದ ಮನೆಯ ವಿಷಯಗಳನ್ನೂ ಹೊರಗೆಡಹುವುದಿಲ್ಲ ಎಂಬ ಮಾತು ಅದರಲ್ಲಿದೆ. ರೋಗಿ ಹೇಳದೆಯೇ ತಿಳಿದದ್ದೂ ಸೇರಿತು ಎಂಬುದನ್ನು ಗಮನಿಸಿ.

ಇನ್ನೊಂದು ಪದ ನನ್ನನ್ನು ಹೆಚ್ಚು ಕಾಡಿದೆ. ಕೇಸ್ ಸ್ಟಡಿ ಬರೆಯುವಾಗ ರೋಗಿಯ ವಿವರವನ್ನು ‘ಅನಾಮಧೇಯ’ಗೊಳಿಸಿ ಎಂದು ಹೇಳುತ್ತೇವೆ. ವಿದ್ಯಾರ್ಥಿಗಳು ಮಾತು ಮೀರುವುದಿಲ್ಲ: ಹೆಸರು ತೆಗೆದು ವಯಸ್ಸು, ಊರು, ಉದ್ಯೋಗ, ದಾಖಲಾದ ದಿನ, ಅಪರೂಪದ ಕಾಯಿಲೆ ಎಲ್ಲವನ್ನೂ ಉಳಿಸುತ್ತಾರೆ. ಆ ಊರಿನವರಿಗೆ ಗುರುತು ಹಿಡಿಯಲು ಅಷ್ಟು ಸಾಕು. ಅಮೆರಿಕದಲ್ಲಿ 1996ರ ಹಿಪಾ ಕಾಯ್ದೆಯಡಿ ಬಂದ, ರೋಗಿಗಳ ಮಾಹಿತಿ ಕಾಯುವ ನಿಯಮಗಳಲ್ಲಿ ಗುರುತು ತೆಗೆಯುವ ವಿಧಾನವೊಂದಿದೆ; ಅದರಂತೆ ತೆಗೆಯಬೇಕಾದ ಗುರುತುಗಳು 18. ಹೆಸರು ಅವುಗಳಲ್ಲಿ ಒಂದು ಮಾತ್ರ. ಪೂರ್ಣ ಮುಖದ ಫೋಟೊ, ಫೋನ್ ನಂಬರ್, ಆಸ್ಪತ್ರೆ ದಾಖಲೆಯ ಸಂಖ್ಯೆ ಕೂಡ ಆ ಪಟ್ಟಿಯಲ್ಲಿವೆ. ದಿನಾಂಕಗಳಲ್ಲಿ ಇಸವಿಯನ್ನಷ್ಟೇ ಉಳಿಸಬಹುದು. ‘ಅನಾಮಧೇಯ’ದಲ್ಲಿ ನಾಮ ಕೂತಿರುವತನಕ ಈ ಎಡವಟ್ಟು ತಪ್ಪದು. ‘ಗುರುತಳಿಸಿದ ವರದಿ’ ಎಂದು ಬರೆದಿದ್ದೇನೆ. ಸಹೋದ್ಯೋಗಿಯೊಬ್ಬರು ‘ಅಳಿಸು’ ಎಂದರೆ ಮೂಲ ದಾಖಲೆಯನ್ನೇ ತಿದ್ದಿದಂತೆ ಕೇಳುತ್ತದೆ, ‘ಗುರುತು ಮರೆಸಿದ’ ಎನ್ನಿ ಎಂದರು. ಎರಡರಲ್ಲಿ ಯಾವುದು ಸರಿ? ಇವೆರಡೂ ಅಲ್ಲದ ಪದ ನಿಮ್ಮಲ್ಲಿ ಇದ್ದರೆ ದಯವಿಟ್ಟು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.