ಹಾಫ್-ಲೈಫ್ ಆಟವನ್ನ ಕಾದಂಬರಿ ಮಾಡ್ತಿದೀನಿ, ಹೊಡೆದಾಟದ ಅಧ್ಯಾಯಗಳು ವಾಕ್‌ತ್ರೂ (ಆಟ ಮುಗಿಸೋದು ಹೇಗೆ ಅನ್ನೋ ಗೈಡ್) ಥರ ಆಗ್ತಿವೆ. ಏನು ಮಾಡ್ಲಿ?

ಕೋಲ್ಮಿಂಚು:
ಎಲ್ರಿಗೂ ನಮಸ್ಕಾರ. ವಾಲ್ವ್‌ನವರ ಹಾಫ್-ಲೈಫ್ (1998) ವಿಡಿಯೋ ಗೇಮಿನ ಕಥೆಯನ್ನ ಕನ್ನಡದಲ್ಲಿ ಕಾದಂಬರಿಯಾಗಿ ಬರೀತಿದೀನಿ. ಬ್ಲ್ಯಾಕ್ ಮೆಸಾ ಅನ್ನೋ ಸಂಶೋಧನಾ ಕೇಂದ್ರದೊಳಗಿನ ಟ್ರಾಮ್ ಪ್ರಯಾಣ, ಪ್ರಯೋಗ ಕೈಮೀರಿ ಹೋಗೋದು, ಅಲ್ಲೀವರೆಗೆ ಸಲೀಸಾಗಿ ಬಂತು. ಆಮೇಲೆ ನೋಡಿ: ನಾಯಕ ಗಾರ್ಡನ್ ಬಾಗಿಲು ತೆಗೆದ, ಹೆಡ್‌ಕ್ರ್ಯಾಬ್ (ತಲೆ ಮೇಲೆ ಎರಗೋ ಜೀವಿ) ಹಾರಿತು, ಕ್ರೋಬಾರಲ್ಲಿ ಬಾರಿಸಿದ, ಮುಂದಿನ ಬಾಗಿಲು ತೆಗೆದ. ಪುಟಗಟ್ಟಲೆ ಇದೇ. ವರ್ಣನೆ ಜಾಸ್ತಿ ಮಾಡಿದ್ರೆ ಇನ್ನೂ ಎಳೆದಂಗೆ ಆಗತ್ತೆ. ಆಟದಲ್ಲಿ ಒಂದು ಮಾತೂ ಆಡದ ಗಾರ್ಡನ್‌ಗೆ ಮಾತು ಕೊಟ್ಟರೆ ಅವನು ಬೇರೆ ಯಾರೋ ಅನ್ನಿಸ್ತಾನೆ. ಬ್ಲಾಸ್ಟ್ ಪಿಟ್ ಅಧ್ಯಾಯದಲ್ಲಂತೂ ಪೂರ್ತಿ ಸಿಕ್ಕಿಹಾಕ್ಕೊಂಡಿದೀನಿ.

ಹಳೇಪಿಸಿ:
ಬ್ಲಾಸ್ಟ್ ಪಿಟ್‌ನಲ್ಲಿ ಏನೇನು ಯಾವ ಕ್ರಮದಲ್ಲಿ ಬರೆದಿದೀರಿ?

ಕೋಲ್ಮಿಂಚು:
ಆಟದಲ್ಲಿರೋ ಹಾಗೇ. ಇಂಧನ, ಆಮ್ಲಜನಕ, ಕರೆಂಟು ಎಲ್ಲ ಚಾಲೂ ಮಾಡ್ತಾನೆ, ಅದಕ್ಕಾಗಿ ಮತ್ತೆ ಮತ್ತೆ ಅದೇ ಗುಂಡಿ ಹಾಯ್ತಾನೆ, ಗ್ರೆನೇಡ್ ಎಸೆದು ಗುಂಡಿಯಲ್ಲಿರೋ ದೈತ್ಯ ಪ್ರಾಣಿಯ ಗಮನ ತಪ್ಪಿಸ್ತಾನೆ. ಕೊನೆಗೆ ರಾಕೆಟ್ ಎಂಜಿನ್ ಹೊತ್ತಿಸಿ ಸುಡ್ತಾನೆ.

ಹಳೇಪಿಸಿ:
ತೊಂದರೆ ಅಲ್ಲೇ ಇದೆ. ಆಡುವಾಗ ಸತ್ತರೆ ಹಿಂದಿನ ಸೇವ್‌ನಿಂದ ಮತ್ತೆ ಶುರು ಮಾಡಬೇಕು. ಆ ಭಯಕ್ಕೇ ಒಂದೇ ಜಾಗ ಎಷ್ಟು ಸಲ ಹಾಯ್ದರೂ ಬೇಜಾರಾಗಲ್ಲ. ಓದೋನಿಗೆ ಆ ಭಯ ಎಲ್ಲಿಂದ ಬರತ್ತೆ? ಇನ್ನೂ ಅರ್ಧ ಪುಸ್ತಕ ಕೈಯಲ್ಲಿದೆ, ನಾಯಕ ಸಾಯಲ್ಲ ಅಂತ ಅವನಿಗೆ ಗೊತ್ತು.

ಆ ಪ್ರಾಣಿಗೆ ಕಣ್ಣಿಲ್ಲ, ಸದ್ದು ಕೇಳಿ ಹೊಡೆಯತ್ತೆ. ಅಧ್ಯಾಯದ ಜೀವ ಇರೋದು ಇದರಲ್ಲಿ, ಸ್ವಿಚ್ಚುಗಳಲ್ಲಿ ಅಲ್ಲ. ಮೊದಲ ಸಲ ಹಾಯೋದನ್ನ ಮಾತ್ರ ಹೆಜ್ಜೆ ಹೆಜ್ಜೆಗೂ ಬರೀರಿ, ಉಳಿದದ್ದನ್ನ ಒಂದೆರಡು ಸಾಲಲ್ಲಿ ಮುಗಿಸಿ. ಇನ್ನೊಂದು: ಗಾರ್ಡನ್ ಹಾಕ್ಕೊಂಡಿರೋ ರಕ್ಷಣಾ ಕವಚ ಎಚ್‌ಇವಿ ಸೂಟ್ ತಾನಾಗೇ ಮಾತಾಡತ್ತೆ, ಗಾಯ ಆದರೆ ಘೋಷಣೆ ಮಾಡತ್ತೆ. ಆಟದಲ್ಲಿ ಆ ದನಿಯಿಂದ ಏನೂ ಅಪಾಯ ಇಲ್ಲ. ಕಾದಂಬರಿಯಲ್ಲಿ ಯಾಕೆ ಇರಬಾರದು? ಗುಂಡಿಯ ನಟ್ಟನಡುವೆ ಕಾಲಿಗೆ ಪೆಟ್ಟಾಗಿ, ಸೂಟ್ ಈಗ ಬಾಯಿಬಿಟ್ಟರೆ ಗತಿಯೇನು ಅಂತ ಅವನು ಉಸಿರು ಬಿಗಿಹಿಡಿದು ನಿಲ್ಲಲಿ. ಸ್ಪೀಕರ್ ತಂತಿ ಕಿತ್ತುಹಾಕಿದ ಅಂದ್ಕೊಳ್ಳಿ, ಆಮೇಲೆ ವಿಕಿರಣದ ಎಚ್ಚರಿಕೆಯೂ ಅವನಿಗೆ ಕೇಳಿಸಲ್ಲ. ಒಂದು ಕಡೆ ಬಚಾವಾದದ್ದಕ್ಕೆ ಇನ್ನೊಂದು ಕಡೆ ದಂಡ ಕಟ್ಟಬೇಕು. ಹೊಡೆದಾಟದ ಪ್ರತಿ ಅಧ್ಯಾಯದಲ್ಲೂ ಇಂಥದ್ದೊಂದು ಇರಲಿ. ಇಲ್ಲದಿದ್ದರೆ ಆ ಅಧ್ಯಾಯವೇ ಬೇಡ.

ಎಂಟನೇಮೈಲಿ:
ಹಳೇಪಿಸಿ ಸರ್ ಹೇಳಿದ್ದು ಸರಿ, ಆದರೆ ನಾನಾಗಿದ್ರೆ ಗಾರ್ಡನ್‌ನೇ ಬಿಡ್ತಿದ್ದೆ. ಮಾತಾಡದ ನಾಯಕ ಅಂದ್ರೆ ಆಡೋನು ಕೂತ್ಕೊಳ್ಳೋಕೆ ಬಿಟ್ಟ ಖಾಲಿ ಜಾಗ. ಅವನಿಗೆ ಮನಸ್ಸು ಕೊಟ್ಟ ಕೂಡಲೇ ಆಡಿದೋರೆಲ್ಲ 'ಇವನು ನಾನಲ್ಲ' ಅಂತಾರೆ. ಅದೇ ಅನಾಹುತವನ್ನ ಬೇರೆಯವರ ಕಣ್ಣಲ್ಲಿ ನೋಡೋ ಕೆಲಸವನ್ನ ಈ ಸರಣಿಯ ಆಟಗಳೇ ಮಾಡಿವೆ. ಆಪೋಸಿಂಗ್ ಫೋರ್ಸ್ (1999) ಒಬ್ಬ ಸೈನಿಕನದು, ಬ್ಲೂ ಶಿಫ್ಟ್ (2001) ಕಾವಲುಗಾರ ಬಾರ್ನಿಯದು, ಪ್ಲೇಸ್ಟೇಷನ್ 2ಗೆ ಬಂದ ಡಿಕೇ (2001) ಇಬ್ಬರು ವಿಜ್ಞಾನಿ ಹೆಂಗಸರದು. ಮೊದಲ ಆಟದಲ್ಲಿ ನಮ್ಮ ಟ್ರಾಮ್ ಹಾದುಹೋಗುವಾಗ ಒಬ್ಬ ಗಾರ್ಡ್ ಬಾಗಿಲು ಬಡೀತಾ ನಿಂತಿರ್ತಾನಲ್ಲ, ಬ್ಲೂ ಶಿಫ್ಟ್‌ನ ಪ್ರಕಾರ ಅವನೇ ಬಾರ್ನಿ.

ಮಾಸ್ ಎಫೆಕ್ಟ್‌ನವರೂ ಇದನ್ನೇ ಮಾಡಿದ್ದು. ಆ ಆಟದಲ್ಲಿ ಮುಖ್ಯ ಪಾತ್ರ ಶೆಪರ್ಡ್ ಗಂಡೋ ಹೆಣ್ಣೋ ಅನ್ನೋದೇ ಆಡೋರ ಆಯ್ಕೆ. ಹಾಗಾಗಿ ಆಟದ ಮುಖ್ಯ ಲೇಖಕ ಡ್ರೂ ಕಾರ್ಪಿಶಿನ್ 2007ರಲ್ಲಿ 'ರೆವೆಲೇಷನ್' ಕಾದಂಬರಿ ಬರೆದಾಗ ಶೆಪರ್ಡ್‌ನ ಗೋಜಿಗೇ ಹೋಗದೆ ಇನ್ನೊಂದು ಪಾತ್ರ ಆ್ಯಂಡರ್ಸನ್‌ನ ಹಳೇ ಕಥೆ ಹೇಳಿದರು.

ಹಳೇಪಿಸಿ:
ಮೇಡಂ, ಹೇಲೋ ಅನ್ನೋ ಆಟದ ಕಾದಂಬರಿ 'ದಿ ಫ್ಲಡ್' (2003) ಆಟದ ಕಥೆಯನ್ನೇ ನೇರವಾಗಿ ಹೇಳತ್ತೆ. ಅದರಲ್ಲಿ ನಾಯಕ ಮಾಸ್ಟರ್ ಚೀಫ್ ಗುಂಡು ಹಾರಿಸೋ ಪುಟಗಳು ನನಗೆ ಆಕಳಿಕೆ ತರಿಸಿದ್ವು. ಯಾಯಾಪ್ ಅಂತ ಶತ್ರು ಪಾಳಯದ ಒಬ್ಬ ಪುಕ್ಕಲ ಗ್ರಂಟ್ (ಅನ್ಯಗ್ರಹದ ಕುಳ್ಳ ಸೈನಿಕ) ಬರ್ತಾನೆ. ಪುಸ್ತಕ ಮುಚ್ಚಿಟ್ಟ ಮೇಲೂ ನೆನಪಲ್ಲಿ ಉಳಿದೋನು ಅವನೇ. ಹಾಗಾಗಿ ನಿಮ್ಮ ಮಾತಿಗೆ ನನ್ನ ವೋಟು.

ದಾರಿಹೋಕ:
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಪ್ರಿಂಟ್ ಮಾಡಿಸೋ ಯೋಚನೆ ಇದ್ರೆ ಮೊದಲು ವಾಲ್ವ್‌ಗೆ ಬರೆದು ಒಪ್ಪಿಗೆ ತಗೊಳ್ಳಿ. ಕನ್ನಡದಲ್ಲಿ ತಾನೇ, ಯಾರು ನೋಡ್ತಾರೆ ಅನ್ನೋ ಲೆಕ್ಕ ಬೇಡ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ ಅಳವಡಿಕೆಯ ಹಕ್ಕು ಮೂಲ ಹಕ್ಕುದಾರರದ್ದೇ. ಕೇಳಿದ್ರೆ ಕೊಡಲ್ಲ ಅಂತೇನೂ ಇಲ್ಲ. ಅಭಿಮಾನಿಗಳು ಸೇರಿ ಇದೇ ಆಟವನ್ನ ಹೊಸದಾಗಿ ಕಟ್ಟಿದ 'ಬ್ಲ್ಯಾಕ್ ಮೆಸಾ' 2012ರಲ್ಲಿ ಉಚಿತ ಮಾಡ್ (ಮಾರ್ಪಾಡು) ಆಗಿತ್ತು, 2020ರಲ್ಲಿ ವಾಲ್ವ್ ಒಪ್ಪಿಗೆಯಿಂದಲೇ ಪೂರ್ತಿಯಾಗಿ ಮಾರಾಟಕ್ಕೆ ಬಂತು.

ಕೋಲ್ಮಿಂಚು:
ತುಂಬಾ ಥ್ಯಾಂಕ್ಸ್. ಸೈನಿಕರು ಬರೋ ದೃಶ್ಯವನ್ನ ಬಾರ್ನಿ ಕಡೆಯಿಂದ ಬರೆದು ನೋಡಿದೆ. ಕಾಪಾಡೋಕೆ ಬಂದ್ರು ಅಂತ ವಿಜ್ಞಾನಿ ಓಡಿಹೋಗ್ತಾನೆ, ಅವರೇ ಗುಂಡು ಹಾರಿಸ್ತಾರೆ. ಬಾರ್ನಿಗೆ ಆ ವಿಜ್ಞಾನಿ ದಿನಾ ಸಿಗೋ ಪರಿಚಯದವನು ಅಂತ ಮಾಡಿದ್ದಕ್ಕೇ ದೃಶ್ಯದ ತೂಕ ಬದಲಾಯ್ತು. ಆದರೆ ಹೊಸ ತಲೆನೋವು: ಗಾರ್ಡನ್ ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದೋನು, ಬಾರ್ನಿ ಗೇಟ್ ಕಾಯೋನು. ಅವನ ಬಾಯಲ್ಲಿ ರೆಸೋನೆನ್ಸ್ ಕ್ಯಾಸ್ಕೇಡ್, ಅಂದ್ರೆ ಪ್ರಯೋಗದಲ್ಲಿ ಆದ ಆ ಅನಾಹುತವನ್ನ, ಹೇಗೆ ವಿವರಿಸ್ಲಿ?

ಎಂಟನೇಮೈಲಿ:
ವಿವರಿಸಬೇಡಿ. ಬ್ಲೂ ಶಿಫ್ಟ್‌ನಲ್ಲಿ ಅನಾಹುತ ಆಗೋ ಹೊತ್ತಿಗೆ ಅವನು ಲಿಫ್ಟಲ್ಲಿರ್ತಾನೆ, ಜೊತೆಗೆ ಇಬ್ಬರು ವಿಜ್ಞಾನಿಗಳು. ನಿಮ್ಮ ಕಥೆಯಲ್ಲಿ ಅವರಿಬ್ಬರೂ ಇವತ್ತಿನ ಪ್ರಯೋಗದ ಬಗ್ಗೆ ಜಗಳ ಆಡ್ಕೊಳ್ಳಲಿ, ಬಾರ್ನಿಗೆ ಅರ್ಧಂಬರ್ಧ ಕೇಳಿಸಲಿ. ಲಿಫ್ಟ್ ಕುಸಿಯೋಕೆ ಮುಂಚೆ ಅವನಿಗೆ ಎಷ್ಟು ಅರ್ಥ ಆಯ್ತೋ ಓದುಗರಿಗೂ ಅಷ್ಟೇ ಸಾಕು. ಬರೆದ ಮೇಲೆ ಇಲ್ಲೇ ಹಾಕಿ, ಓದ್ತೀನಿ.